ಮಂಜಿಗೆ ಬಲೆ ಕಟ್ಟಿದರೆ ತೊಟ್ಟಿ ತುಂಬೀತೆ?

ಪ್ರಶ್ನೆ: ಚಿಲಿ ದೇಶದಲ್ಲಿ ಬಲೆ ಕಟ್ಟಿ ಮಂಜಿನಿಂದ ಕುಡಿಯುವ ನೀರು ಹಿಡಿಯುತ್ತಾರೆಂದು ಓದಿದೆ. ನಮ್ಮ ಬೋರ್‌ವೆಲ್ ಬತ್ತಿದೆ. ಪುಷ್ಯ ಮಾಸದಲ್ಲಿ ಎದುರಿನ ತೆಂಗಿನಮರವೂ ಕಾಣದಷ್ಟು ಮಂಜು ಕವಿಯುತ್ತದೆ. ಸಸಿಮಡಿಗೆ ತಂದ ಶೇಡ್ ನೆಟ್ ಮಿಕ್ಕಿದೆ. ಕಟ್ಟಿ ನೋಡಲೇ?
- ಓದುಗರು, ನಾಗಮಂಗಲ ತಾಲ್ಲೂಕು

ಉತ್ತರ: ನೀವು ಓದಿದ್ದು ನಿಜ. ಚಿಲಿಯ ಚುಂಗುಂಗೊ ಮೀನುಗಾರರ ಊರು. ಮಳೆ ಅಪರೂಪ, ಟ್ಯಾಂಕರ್ ನೀರೇ ಗತಿಯಾಗಿತ್ತು. 1992ರಲ್ಲಿ ಎಲ್ ಟೋಫೊ ಬೆಟ್ಟದಿಂದ ಪೈಪಿನಲ್ಲಿ ಮಂಜಿನ ನೀರು ಬಂತು. ಬೆಟ್ಟದ ಮೇಲೆ ಸುಮಾರು ನೂರು ಬಲೆ, ಒಂದೊಂದೂ 48 ಚದರ ಮೀಟರ್. ದಿನಕ್ಕೆ ಸರಾಸರಿ 15,000 ಲೀಟರ್. ಆ ಬಲೆಯೂ ನಿಮ್ಮ ಶೇಡ್ ನೆಟ್‌ನ ಜಾತಿಯದೇ, ಎರಡು ಪದರ. (ಮುಂದೆ ರಿಪೇರಿ ನೋಡುವವರಿಲ್ಲದೆ ಅವು ಹಾಳಾದವು, ಅದು ನನಗೆ ಇವತ್ತಿಗೂ ಸಂಕಟ.)

ಆದರೆ ಅಲ್ಲಿಯ ಮಂಜು ಓಡುವ ಮಂಜು. ಕಡಲ ಮೇಲಿನ ಮೋಡವನ್ನು ಗಾಳಿ ತಂದು ಬೆಟ್ಟಕ್ಕೆ ಬಡಿಯುತ್ತದೆ. ದಟ್ಟ ಮಂಜಾದರೂ ಒಂದು ಘನ ಮೀಟರ್‌ನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ನೀರೂ ಇರುವುದಿಲ್ಲ. ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ ಒಂದು ಚದರ ಮೀಟರ್ ಬಲೆಯ ಕಡೆಗೆ ಗಂಟೆಗೆ 18,000 ಘನ ಮೀಟರ್ ಮಂಜು ನುಗ್ಗುತ್ತದೆ. ಹನಿಗಳು ನೂಲಿಗೆ ತಾಗಿ, ಒಂದಕ್ಕೊಂದು ಕೂಡಿ, ಭಾರವಾಗಿ ಕೆಳಗಿಳಿಯುವುದು ಹೀಗೆ. ನಮ್ಮ ಕಡೆ ಇದನ್ನು ಕಾಣಬೇಕೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. ಮೋಡ ಹಾಯುವಾಗ ದೇವಸ್ಥಾನದ ಹೊರಗೆ ನಿಂತರೆ, ನನ್ನ ಉಲ್ಲನ್ ಶಾಲಿನ ಎಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಸಾಲುಗಟ್ಟುತ್ತವೆ. ಅದೂ ಗಾಳಿಗೆ ಮುಖ ಮಾಡಿದ ಬದಿಗೆ ಮಾತ್ರ. ಬೆನ್ನ ಕಡೆ ಒಣಗಿಯೇ ಇರುತ್ತದೆ.

ನಿಮ್ಮ ಹೊಲದ ಮಂಜು ನಿಂತ ಮಂಜು. ಮೋಡವಿಲ್ಲದ ರಾತ್ರಿ ನೆಲದ ಕಾವು ಇಳಿದು, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅಲ್ಲೇ ಕವಿದು, ಬಿಸಿಲೇರಿದರೆ ಕರಗುತ್ತದೆ. ಗಾಳಿ ಎದ್ದರೆ ಚದುರಿಯೇ ಹೋಗುತ್ತದೆ. ಬಲೆ ನೆನೆದೀತು, ತೊಟ್ಟಿ ತುಂಬದು.

ಮಿಕ್ಕ ನೆಟ್ಟನ್ನು ಒಂದು ಮೀಟರ್ ಚೌಕದ ಚೌಕಟ್ಟಿಗೆ ಬಿಗಿದು, ನೆಲದಿಂದ ಎರಡು ಮೀಟರ್ ಮೇಲೆ ನಿಲ್ಲಿಸಿ, ಕೆಳಗೆ ಸೀಳಿದ ಪೈಪಿಟ್ಟು ಅಳೆದು ನೋಡಿ, ಖರ್ಚಿಲ್ಲ. ಆದರೆ ಅದನ್ನು ನಂಬಿ ಸಾಲ ಮಾಡಿ ಕಂಬ ನೆಡಬೇಡಿ. ಆ ದುಡ್ಡು ಚಾವಣಿಗೆ ಹಾಕಿ. 700 ಮಿ.ಮೀ. ಮಳೆಯಾದ ವರ್ಷ 1,000 ಚದರಡಿ ಚಾವಣಿ ಮೇಲೆ ಬೀಳುವ ನೀರು ಸುಮಾರು 65,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 52,000 ಕೈಗೆ ಸಿಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡಲು ಒಂದು ವಾಲ್ವ್ ಇರಲಿ. ನಿಮ್ಮದು ಹೆಂಚಿನ ಮನೆಯೋ, ಶೀಟಿನದೋ, ಆರ್‌ಸಿಸಿಯೋ? ಅಳತೆ ಬರೆದು ಕಳಿಸಿ, ತೊಟ್ಟಿ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕಿ ಕೊಡುತ್ತೇನೆ.