ಪೆನ್ಶನ್ ಬರುತ್ತಲ್ಲ, ಮತ್ಯಾಕೆ ಕೆಲಸ?

ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ಒಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ರಾಯರು ಅನ್ನೋಣ. ಮೈಸೂರಿನವರು, ವಯಸ್ಸು 62. ಸರ್ಕಾರಿ ಬ್ಯಾಂಕೊಂದರಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದು 60ಕ್ಕೆ ನಿವೃತ್ತರಾದವರು. ಸ್ವಂತ ಮನೆ ಇದೆ, ಪೆನ್ಶನ್ ಇದೆ, ಸಾಲ ಇಲ್ಲ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮಗಳಿಗೆ ಮದುವೆಯಾಗಿದೆ. ನೋಡಿದವರು ‘ಇವರಿಗೇನು ಕಡಿಮೆ’ ಅನ್ನುವಂಥ ಸಂಸಾರ.

ಕರೆದುಕೊಂಡು ಬಂದವರು ಹೆಂಡತಿ. “ಮೇಡಂ, ಇವರಿಗೆ ಏನಾಗಿದೆ ಸ್ವಲ್ಪ ನೋಡಿ. ಕುಕ್ಕರ್ ಮೂರನೇ ವಿಷಲ್‌ಗೆ ಯಾಕೆ ಆರಿಸಿದೆ ಅಂತ ಜಗಳ ತೆಗೀತಾರೆ. ಹಾಲಿನ ಬೂತ್‌ಗೆ ದಿನಕ್ಕೆ ಮೂರು ಸಲ ಹೋಗ್ತಾರೆ. ಫ್ರಿಜ್‌ನಲ್ಲಿ ಹಾಲಿನ ಪ್ಯಾಕೆಟ್ ಇಡೋಕೆ ಜಾಗ ಇಲ್ಲ.” ರಾಯರು ಕಿಟಕಿ ಕಡೆ ನೋಡುತ್ತಾ ಕೂತಿದ್ದರು. “ನನಗೇನೂ ಆಗಿಲ್ಲ. ಸುಮ್ನೆ ಇವಳ ಸಮಾಧಾನಕ್ಕೆ ಬಂದೆ” ಎಂದರು. ಅರವತ್ತು ದಾಟಿದ ಗಂಡಸರು ನನ್ನ ಕೋಣೆಗೆ ಬಂದಾಗ ಮೊದಲು ಹೇಳುವ ಮಾತೇ ಇದು.

ಈ ವಯಸ್ಸಿನಲ್ಲಿ ಸಿಡುಕು ಜಾಸ್ತಿಯಾದರೆ ಅದನ್ನು ಬರೀ ಬೇಜಾರು ಅಂದುಕೊಂಡು ಬಿಡಬಾರದು. ಅದು ಖಿನ್ನತೆಯ ಲಕ್ಷಣವೂ ಇರಬಹುದು. ವಯಸ್ಸಾದವರಿಗೆಂದೇ ಹೌದು, ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದನ್ನು ಕೇಳಿದೆ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದೆ. ಕಿವಿಯನ್ನೂ ತೋರಿಸಲು ಹೇಳಿದೆ, ಕಿವಿ ಮಂದವಾದವರು ಮಾತಿಗೆ ಸಿಕ್ಕದೆ ದೂರ ಸರಿಯುತ್ತಾರೆ, ಮನೆಯವರು ಅದನ್ನು ಮುನಿಸು ಅಂದುಕೊಳ್ಳುತ್ತಾರೆ. ರಾಯರ ವಿಷಯದಲ್ಲಿ ಇದ್ಯಾವುದೂ ಇರಲಿಲ್ಲ. ನಿದ್ದೆ, ಊಟ ಸರಿಯಿತ್ತು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಬದುಕು ಸಾಕು ಅನ್ನಿಸುತ್ತಿದೆ ಅನ್ನುವವರಾದರೆ ದಾರಿ ಬೇರೆ. ಅವರು ಪಾರ್ಟ್ ಟೈಮ್ ಕೆಲಸ ಹುಡುಕುತ್ತಾ ಕೂರದೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಗೆ ರಾಯರೊಬ್ಬರನ್ನೇ ಬರಹೇಳಿದೆ. “ಸರ್, ಬ್ಯಾಂಕಿನಲ್ಲಿ ಒಂದು ದಿನ ಹೇಗಿರ್ತಿತ್ತು ಹೇಳಿ” ಎಂದೆ. ಅವರು ಹುದ್ದೆಯ ಮಾತು ಎತ್ತಲಿಲ್ಲ, ಅಧಿಕಾರದ ಮಾತೂ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಸುರಿಯುತ್ತಿದ್ದ ಹೂವಿನ ಅಜ್ಜಿ, ಸ್ಲಿಪ್ ಬರೆಯಲು ಬಾರದೆ ಇವರ ಕೌಂಟರ್‌ಗೇ ಬಂದು ನಿಲ್ಲುತ್ತಿದ್ದ ಗಾರೆ ಮೇಸ್ತ್ರಿ, ಸಂಜೆ ಪಿಗ್ಮಿ ದುಡ್ಡು ಕಟ್ಟಲು ಬರುವಾಗ ಊರಿನ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದ ಏಜೆಂಟ್. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಊಟಕ್ಕೂ ಏಳಲಾಗದೆ ಕೂತಿದ್ದನ್ನು ಹಬ್ಬದ ಸುದ್ದಿಯ ಹಾಗೆ ಹೇಳಿದರು. ಆಮೇಲೆ ಇನ್ನೊಂದು ನವೆಂಬರ್‌ನ ಮಾತು ಬಂತು.

ಪೆನ್ಶನ್ ತೆಗೆದುಕೊಳ್ಳುವವರು ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ. ಎಷ್ಟೋ ವರ್ಷ ಬೇರೆಯವರಿಂದ ಅದನ್ನು ಇಸಿದುಕೊಂಡು ಎತ್ತಿಡುತ್ತಿದ್ದವರು ಇವರೇ. ಈಗ ತಾವೇ ಕೊಡಲು ಹೋಗಿದ್ದರು. “ಬದುಕಿದ್ದೀನಿ ಅಂತ ಸಹಿ ಹಾಕಿ ಕೊಟ್ಟೆ ಮೇಡಂ. ಎಲ್ಲ ಹೊಸ ಹುಡುಗರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ.”

ಹಾಲಿನ ಬೂತ್ ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಅಲ್ಲಿನ ಹುಡುಗ “ಏನ್ ಸಾರ್, ಮತ್ತೆ ಬಂದ್ರಾ” ಅಂತಾನೆ. ಆ ಒಂದು ಮಾತಿಗಾಗಿ ಅರ್ಧ ಲೀಟರ್ ಹಾಲು ಜಾಸ್ತಿ ಬರುತ್ತಿತ್ತು.

ಒಂಟಿತನ ಅಂದರೆ ಮನೆಯಲ್ಲಿ ಯಾರೂ ಇಲ್ಲದಿರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ರಾಯರ ಮನೆಯಲ್ಲಿ ಹೆಂಡತಿ ಇದ್ದರು, ದಿನಾ ಮಗನ ಫೋನ್ ಬರುತ್ತಿತ್ತು. ತಪ್ಪಿಹೋಗಿದ್ದು ಹೋಗುತ್ತಾ ಬರುತ್ತಾ ಸಿಗುವ ಜನ, ಅವರಿಗೆ ತನ್ನಿಂದ ಆಗುವ ಸಣ್ಣಪುಟ್ಟ ಕೆಲಸ. ನಮ್ಮ ಗಂಡಸರಲ್ಲಿ ಹೆಚ್ಚಿನವರಿಗೆ ಸ್ನೇಹ ಅನ್ನುವುದು ಕೆಲಸದ ಜೊತೆಗೆ ಪುಕ್ಕಟೆ ಸಿಕ್ಕಿದ್ದು. ಕೆಲಸ ಹೋದಾಗ ಅದೂ ಹೋಗುತ್ತದೆ. ಅವರ ಹೆಂಡತಿಗೆ ಭಜನಾ ಮಂಡಳಿ ಇತ್ತು, ಪಕ್ಕದ ಮನೆಯವರು ಇದ್ದರು, ಬ್ಲೌಸ್ ಹೊಲಿಯುವವಳ ಹತ್ತಿರ ಅರ್ಧ ಗಂಟೆ ಮಾತಿತ್ತು. (ಹೆಂಗಸರಿಗೆ ಅಡುಗೆಮನೆಯಿಂದ ನಿವೃತ್ತಿ ಇಲ್ಲ, ಅದು ಬೇರೆ ಕಥೆ.)

“ಪಾರ್ಕ್‌ಗೆ ಹೋಗಿ, ದೇವಸ್ಥಾನಕ್ಕೆ ಹೋಗಿ” ಎಂದು ಎಲ್ಲರೂ ಹೇಳಿಯಾಗಿತ್ತು. ಹೋಗಿದ್ದರು ಕೂಡ. ಕಲ್ಲುಬೆಂಚಿನ ಮೇಲೆ ರಾಜಕೀಯ, ಶುಗರ್, ಸೊಸೆ. ಅವರಿಗೆ ರುಚಿಸಲಿಲ್ಲ. ನಾನೇ ಕೆಲಸದ ಮಾತು ಎತ್ತುವ ಮೊದಲು ಅವರು ಒಂದು ಆಡಿಟರ್ ಆಫೀಸಿಗೆ ಸೇರಿಬಿಟ್ಟಿದ್ದರು. ಮರ್ಯಾದೆಯ ಕೆಲಸ, ಸಂಬಳವೂ ಚೆನ್ನಾಗಿತ್ತು. ಆದರೆ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಟ್ಯಾಲಿ, ವೋಚರ್ ಕಟ್ಟು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾತಾಡಿಸುವವರು ಒಬ್ಬರೂ ಇಲ್ಲ. ತಿಂಗಳು ತುಂಬುವ ಮೊದಲೇ ಬಿಟ್ಟರು. “ಕೆಲಸವೂ ನನಗೆ ಆಗಿಬರಲ್ಲ ಅಂತ ಕಾಣುತ್ತೆ” ಎಂದು ಇನ್ನಷ್ಟು ಕುಗ್ಗಿದ್ದರು.

ನಾನು ಕೊಟ್ಟ ಮುಖ್ಯ ಸಲಹೆ ಇಲ್ಲಿಂದಲೇ ಶುರುವಾಗುತ್ತದೆ. ಜನ ಬೇಕೆಂದು ಕೆಲಸ ಹುಡುಕುವವರು ಹುದ್ದೆಯ ಹೆಸರು, ಸಂಬಳ ನೋಡಿದರೆ ಸಾಲದು. ಎದುರಿಗೆ ಯಾರು ಬಂದು ನಿಲ್ಲುತ್ತಾರೆ, ಅದೇ ಮುಖಗಳು ಮರುದಿನವೂ ಬರುತ್ತವಾ ಅನ್ನುವುದನ್ನು ಮೊದಲು ನೋಡಬೇಕು. ಮೆಡಿಕಲ್ ಸ್ಟೋರ್, ಬಡಾವಣೆಯ ಲೈಬ್ರರಿ, ಡಾಕ್ಟರ ಕ್ಲಿನಿಕ್‌ನಲ್ಲಿ ಟೋಕನ್ ಕೊಡುವ ಕೆಲಸ, ಸಹಕಾರ ಸಂಘದ ಅಂಗಡಿ ಎಂದು ಒಟ್ಟಿಗೆ ಕೂತು ಯೋಚಿಸಿದೆವು. ಅವರು ತಲೆ ಕೆರೆದುಕೊಂಡು, “ನಮ್ಮ ರಸ್ತೆ ಮೂಲೆಯ ದರ್ಶಿನಿಯಲ್ಲಿ ಗಲ್ಲಾ ಮೇಲೆ ಕೂರ್ತೀರಾ ಅಂತ ಕೇಳಿದ್ದ ಮಾಲೀಕ. ನಾನು ನಕ್ಕು ಸುಮ್ಮನಾಗಿದ್ದೆ” ಎಂದರು. ಅಲ್ಲಿ ಆಳು ಇರಲಿಲ್ಲ. ಮಾಲೀಕನೇ ಅಡುಗೆಮನೆಗೂ ಗಲ್ಲಾಗೂ ಓಡಾಡುತ್ತಿದ್ದ. ಹಾಗಾಗಿ ಬಡವರ ಹುಡುಗನ ಕೆಲಸ ಕಿತ್ತುಕೊಂಡ ಹಾಗೆ ಆಗುವುದಿಲ್ಲ ಎಂಬುದು ಅವರಿಗೂ ನನಗೂ ಸಮಾಧಾನ.

ಮನೆಯಲ್ಲಿ ರಾದ್ಧಾಂತವಾಯಿತು. ಮಗ ವಿಡಿಯೋ ಕಾಲ್‌ನಲ್ಲಿ ನಮ್ಮ ಮಾತಿಗೆ ಸೇರಿಕೊಂಡ. “ಅಪ್ಪ, ಎಷ್ಟು ಬೇಕು ಹೇಳಿ, ನಾನು ಕಳಿಸ್ತೀನಿ. ಜನ ಏನಂದ್ಕೋತಾರೆ? ನಾಳೆ ನಮ್ಮ ಮಾವನ ಮನೆಯವರು ಆ ಹೋಟೆಲ್‌ಗೆ ತಿಂಡಿಗೆ ಬಂದ್ರೆ?”

“ಬಂದ್ರೆ ಬಿಲ್ ಹಾಕ್ತೀನಿ” ಎಂದರು ರಾಯರು. ಅವರು ನಗಿಸಿದ್ದು ಅದೇ ಮೊದಲು. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದರು.

ಮಗನದು ಕೆಟ್ಟ ಮನಸ್ಸಲ್ಲ. ಅಪ್ಪ ದುಡಿದರೆ ತಾನು ಕೈಬಿಟ್ಟಂತೆ ಅನ್ನುವ ಅಳುಕು. ಅವನಿಗೆ ಒಂದೇ ಮಾತು ಹೇಳಿದೆ. ಫೋನ್ ಮಾಡಿದಾಗ “ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ” ಎಂದು ಕೇಳಿ ಮುಗಿಸಬೇಡಪ್ಪ, “ಇವತ್ತು ಯಾರ್ಯಾರು ಬಂದಿದ್ರು” ಅಂತ ಕೇಳು.

ರಾಯರ ಜೊತೆ ಮಾತ್ರ ಕರಾರುಗಳನ್ನು ಕೂತು ಮಾತಾಡಿದೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಅಷ್ಟೇ. ಭಾನುವಾರ ರಜೆ. ಮೊದಲು ಒಂದು ತಿಂಗಳು ನೋಡುವುದು, ಹಿಡಿಸದಿದ್ದರೆ ಬಿಡುವುದು, ಬಿಟ್ಟರೆ ಸೋಲಲ್ಲ. ಒರಗಲು ಬೆನ್ನಿರುವ ಕುರ್ಚಿ ಕೇಳುವುದು, ಮಂಡಿ ನೋವಿನವರಿಗೆ ಸ್ಟೂಲ್ ಆಗದು. ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ದರೆ ಯಾರು ತುಂಬಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳುವುದು. ಕ್ಯಾಷಿಯರ್‌ಗೆ ಇದನ್ನು ನಾನು ಹೇಳಬೇಕೇ ಅನ್ನಿಸಿತು, ಆದರೆ ಅವರು ಕೇಳಿಯೇ ಇರಲಿಲ್ಲ.

ಸಂಬಳ ಬೇಡ ಎಂದಿದ್ದರಂತೆ. ಅದಕ್ಕೆ ನಾನು ಒಪ್ಪಲಿಲ್ಲ. ಬಿಟ್ಟಿ ದುಡಿಯುವವರಿಗೆ ರಜೆ ಕೇಳಲು ಬಾಯಿ ಬರುವುದಿಲ್ಲ, ಮಾಲೀಕನಿಗೆ ಸಮಯ ಪಾಲಿಸಿ ಅನ್ನಲೂ ಬಾಯಿ ಬರುವುದಿಲ್ಲ. ಕೊಟ್ಟಷ್ಟು ತೆಗೆದುಕೊಳ್ಳಿ, ಅದನ್ನು ಏನು ಮಾಡುತ್ತೀರೋ ನಿಮ್ಮಿಷ್ಟ, ವರ್ಷದ ಕೊನೆಗೆ ತೆರಿಗೆ ಲೆಕ್ಕದಲ್ಲಿ ತೋರಿಸಿ ಅಂದೆ. ಕೇಂದ್ರ ಸರ್ಕಾರದ ಗ್ರೂಪ್ ಎ ಅಧಿಕಾರಿಗಳಾಗಿದ್ದವರು ನಿವೃತ್ತರಾದ 1 ವರ್ಷದೊಳಗೆ ಖಾಸಗಿ ಕೆಲಸಕ್ಕೆ ಸೇರುವುದಾದರೆ ಅನುಮತಿ ಬೇಕು. ಬೇರೆಯವರೂ ತಮ್ಮ ಇಲಾಖೆಯ ನಿಯಮ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂರು ತಿಂಗಳ ಮೇಲೆ ಬಂದಾಗ ಅವರ ಬಾಯಲ್ಲಿ ಬರೀ ಹೋಟೆಲ್. ಯುಪಿಐ ಡಬ್ಬ “ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ” ಅಂತ ಕೂಗಿದರೂ ಇವರಿಗೆ ನೋಟು ಎಣಿಸುವುದೇ ಇಷ್ಟ. ನೈಟ್ ಶಿಫ್ಟ್ ಮುಗಿಸಿ ಬರುವ ಸೆಕ್ಯೂರಿಟಿಯವನಿಗೆ ಕೇಳುವ ಮೊದಲೇ “ಎರಡು ಇಡ್ಲಿ, ಚಟ್ನಿ ಜಾಸ್ತಿ” ಎಂದು ಬಿಲ್ ಹರಿಯುತ್ತಾರೆ. ಅವನು ಎರಡು ದಿನ ಕಾಣದಿದ್ದಾಗ ವಿಚಾರಿಸಿದ್ದರು, ಮಗಳಿಗೆ ಡೆಂಗಿ ಆಗಿತ್ತಂತೆ. ಆಮೇಲೆ ರಾಯರೇ ಜ್ವರ ಬಂದು ಮಲಗಿದಾಗ, “ಸಾಹೇಬ್ರು ಎಲ್ಲಿ” ಎಂದು ಅವನು ಮನೆ ಹುಡುಕಿಕೊಂಡು ಬಂದ. ಹಾಲಿನ ಪ್ಯಾಕೆಟ್ ಈಗ ಒಂದೇ ಬರುತ್ತಿದೆ. ಹೆಂಡತಿ ಹೇಳಿದ್ದು ಬೇರೆಯದೇ: “ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಮನೆ ನನ್ನದಾಗಿದೆ ಮೇಡಂ.”

ಎಲ್ಲ ಸರಿಹೋಗಿಲ್ಲ. ಮಗ ಈಗಲೂ ನೆಂಟರ ಮುಂದೆ “ಅಪ್ಪ ಫ್ರೆಂಡ್ ಹೋಟೆಲ್ ಸುಮ್ನೆ ನೋಡ್ಕೋತಾರೆ” ಅಂತಾನೆ. ಮಾಲೀಕ ಸಂಜೆಯೂ ಬನ್ನಿ ಅನ್ನುತ್ತಿದ್ದಾನೆ. ರಾಯರಿಗೆ ಆಸೆ, ಹೆಂಡತಿಗೆ ಖಂಡಿತ ಬೇಡ. ನಾನು ಹೆಂಡತಿಯ ಪರ. ಹೋಟೆಲ್ ನಾಳೆ ಮುಚ್ಚಿದರೆ ಮತ್ತೆ ಹಾಲಿನ ಬೂತ್‌ಗೇ ಬರಬೇಕಾಗುತ್ತದೆ. ಅದಕ್ಕೆ ಸಂಜೆ ಹೊತ್ತಿನಲ್ಲಿ ಗಲ್ಲಾಕ್ಕೆ ಸಂಬಂಧವಿಲ್ಲದ ಒಬ್ಬ ಹಳೇ ಗೆಳೆಯನನ್ನಾದರೂ ವಾರಕ್ಕೊಮ್ಮೆ ಹೋಗಿ ಕಾಣಿ ಅಂದಿದ್ದೇನೆ. ಕುವೆಂಪುನಗರದಲ್ಲಿ ಹಿಂದಿನ ಸಹೋದ್ಯೋಗಿ ಒಬ್ಬರಿದ್ದಾರಂತೆ, ಮಾತು ಬಿಟ್ಟು ಬಹಳ ವರ್ಷವಾಯಿತಂತೆ. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಸಂಜೆಯ ವಿಷಯ ಆಗ ಮಾತಾಡಬೇಕು.