ಹೈ-ರೆಸ್ ಹಾಡು ನಿಜಕ್ಕೂ ಚೆನ್ನಾಗಿ ಕೇಳಿಸುತ್ತಾ?

ಪ್ರಶ್ನೆ: ನನಗೆ 46 ವರ್ಷ. ವೀಣೆ, ಕೊಳಲು ಕೇಳುವ ಹುಚ್ಚು. ಹಾಡಿನ ಆ್ಯಪ್‌ನಲ್ಲಿ 24 ಬಿಟ್, 192 ಕಿಲೋಹರ್ಟ್ಸ್ ಎಂಬ ‘ಹೈ-ರೆಸ್’ (ಸಿ.ಡಿ.ಗಿಂತ ಹೆಚ್ಚು ವಿವರದ ಧ್ವನಿ) ಆಯ್ಕೆ ಇದೆ. ಸಿ.ಡಿ.ಗಿಂತ ಇದು ಎಷ್ಟೋ ಮೇಲು ಅಂತ ಗೆಳೆಯ ಹೇಳುತ್ತಾನೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳಿದರೆ ನನಗೆ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ. ನನ್ನ ಕಿವಿಯೇ ಸರಿಯಿಲ್ಲವಾ? ಹಾಲ್‌ಗೆ 5.1 ಸರೌಂಡ್ ಸ್ಪೀಕರ್ (ಸುತ್ತಲೂ ಐದು, ಜೊತೆಗೆ ಗಡಸು ಧ್ವನಿಗೆ ಒಂದು) ಹಾಕಿಸಬೇಕೆಂದಿದ್ದೇನೆ. ಪ್ರಯೋಜನ ಇದೆಯಾ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕಿವಿಯನ್ನು ಅನುಮಾನಿಸಬೇಡಿ. ಬ್ಲೂಟೂತ್‌ನಲ್ಲಿ ಕಳಿಸುವಾಗ ಫೋನ್ ಹಾಡನ್ನು ಮತ್ತೆ ಕುಗ್ಗಿಸುತ್ತದೆ. ನೀವು ಆರಿಸಿದ 192 ನಿಮ್ಮ ಕಿವಿಯವರೆಗೆ ಬರುವುದೇ ಇಲ್ಲ.

ವೈರ್ ಇರುವ ಒಳ್ಳೆಯ ಹೆಡ್‌ಫೋನ್ ಹಾಕಿದರೂ ಕಥೆ ಜಾಸ್ತಿ ಬದಲಾಗದು. 1982ರಲ್ಲಿ ಬಂದ ಸಿ.ಡಿ. ಸೆಕೆಂಡಿಗೆ 44,100 ಸಲ (ಅಂದರೆ 44.1 ಕಿಲೋಹರ್ಟ್ಸ್) ಧ್ವನಿಯ ಅಳತೆ ತೆಗೆದುಕೊಳ್ಳುತ್ತದೆ; ನಿಮ್ಮ ಆ್ಯಪ್‌ನ 192 ಅಂದರೆ 1,92,000 ಸಲ. ಅದರಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿಯೆಲ್ಲ ಹಿಡಿಸುತ್ತದೆ. ಎಳೆಯ ಕಿವಿಗೂ ಕೇಳುವುದು 20ರವರೆಗೆ ಮಾತ್ರ. ವಯಸ್ಸಾದಂತೆ ಅದು ಇಳಿಯುತ್ತಾ ಹೋಗುತ್ತದೆ. ಅಳತೆ ಹೆಚ್ಚಿದಷ್ಟೂ ಫೋಟೊ ಹಾಗೆ ಧ್ವನಿಯೂ ನುಣುಪಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಆ ಮಿತಿಯೊಳಗಿನ ಅಲೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಪೂರ್ತಿ ನುಣುಪಾಗಿಯೇ ಹೊರಬರುತ್ತದೆ. ಇನ್ನು ಸಿ.ಡಿ.ಯ 16 ಬಿಟ್ ಅಂದರೆ ಅತಿ ಮೆಲ್ಲನೆಯ ಧ್ವನಿಯಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬಲ್ ಅಂತರ. ಫ್ಯಾನ್ ತಿರುಗುವ ಮನೆಯಲ್ಲಿ ಅಷ್ಟನ್ನು ಬಳಸುವುದೇ ಕಷ್ಟ. ರೆಕಾರ್ಡಿಂಗ್ ಮಾಡುವವರಿಗೆ 24 ಬಿಟ್ ನಿಜಕ್ಕೂ ಬೇಕು. ಗಾಯಕರು ಒಮ್ಮೆಲೇ ತಾರಸ್ಥಾಯಿಗೆ ಏರಿದಾಗ ಧ್ವನಿ ಒಡೆಯದಂತೆ ಜಾಗ ಬಿಟ್ಟುಕೊಳ್ಳಲು ಅದು ನೆರವಾಗುತ್ತದೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಬ್ರಾಡ್ ಮೆಯರ್, ಡೇವಿಡ್ ಮೊರಾನ್ ಎಂಬ ಇಬ್ಬರು ಎಸ್‌ಎಸಿಡಿ (ಸೂಪರ್ ಆಡಿಯೊ ಸಿ.ಡಿ.)ಯಂಥ ಹೈ-ರೆಸ್ ಡಿಸ್ಕ್‌ಗಳನ್ನು ಕೇಳಿಸಿದರು. ಅದೇ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. ಯಾವುದು ಯಾವುದೆಂದು ಹೇಳಲಿಲ್ಲ. 554 ಸಲದಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ, ಅಲ್ವಾ? ಅದು 2007ರ ಮಾತು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಪ್ರಯೋಗಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದಾಗ ಸರಿಯುತ್ತರ ಶೇ 52.3 ಬಂತು. ಮೊದಲೇ ತರಬೇತಿ ಪಡೆದವರಲ್ಲಿ ಸುಮಾರು 60. ಹಾಗಾಗಿ ನಿಮ್ಮ ಗೆಳೆಯರದು ಪೂರಾ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ‘ಎಷ್ಟೋ ಮೇಲು’ ಎಂಬುದನ್ನು ಒಪ್ಪಲಾರೆ.

ಹಾಗಿದ್ದರೆ ಕೆಲವು ಹೈ-ರೆಸ್ ಆಲ್ಬಂಗಳು ಚೆನ್ನಾಗಿ ಕೇಳಿಸುವುದೇಕೆ? ಅವನ್ನು ಜತನದಿಂದ ಮಾಡಿರುತ್ತಾರೆ. ಮಾಮೂಲಿ ಸಿ.ಡಿ.ಗಾಗಿ ಎಲ್ಲವನ್ನೂ ಒಂದೇ ಸಮ ಜೋರು ಮಾಡಿದಾಗ ಮೃದಂಗದ ಚಾಪು ಚಪ್ಪಟೆಯಾಗುತ್ತದೆ, ವೀಣೆಯ ಮೀಟು ಸತ್ತುಹೋಗುತ್ತದೆ. ನನಗೆ ಸಂಕಟವಾಗುವುದು ಅಲ್ಲಿ. ಕೆಟ್ಟದಾಗಿ ಮಾಡಿದ್ದನ್ನು ಯಾವ ಕಿಲೋಹರ್ಟ್ಸೂ ಸರಿಮಾಡದು.

ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಹೈ-ರೆಸ್ ಫೈಲನ್ನು ಕಂಪ್ಯೂಟರಿನಲ್ಲಿ 16 ಬಿಟ್, 44.1ಕ್ಕೆ ಇಳಿಸಿ. ಎರಡರ ವಾಲ್ಯೂಮ್ ಒಂದೇ ಇರಲಿ, ತುಸು ಜೋರಾದದ್ದೇ ಚೆನ್ನ ಅನ್ನಿಸಿಬಿಡುತ್ತದೆ. ಮನೆಯವರು ಹೇಳದೆ ಬದಲಿಸಲಿ. 10ರಲ್ಲಿ 9 ಸಲ ಸರಿಯಾಗಿ ಹೇಳಿದರೆ ನಿಮಗೆ ಕೇಳುತ್ತಿದೆ. ಐದಾರು ಆದರೆ ಅದು ಊಹೆ.

ಸರೌಂಡ್ ವಿಷಯ ಬೇರೆ. ಅಲ್ಲಿ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ, ಧ್ವನಿ ಹಿಂದಿನಿಂದಲೂ ಬರುತ್ತದಲ್ಲ. ಸಂಗೀತ ಕಛೇರಿಯನ್ನು ಸರೌಂಡ್‌ನಲ್ಲೇ ರೆಕಾರ್ಡ್ ಮಾಡಿದ್ದರೆ ಸಭಾಂಗಣದ ಗುಂಗು, ಚಪ್ಪಾಳೆ ಸುತ್ತಲೂ ತುಂಬಿಕೊಳ್ಳುತ್ತವೆ. ಅದು ಸುಖವೇ. ಆದರೆ ವೀಣೆ, ಕೊಳಲಿನ ಬಹುಪಾಲು ರೆಕಾರ್ಡಿಂಗ್‌ಗಳು ಸ್ಟೀರಿಯೊ (ಎಡ, ಬಲ ಎರಡು ಧ್ವನಿ), ಹಳೆಯವು ಮಾನೊ (ಒಂದೇ ಧ್ವನಿ). ಅವನ್ನು ಐದು ಸ್ಪೀಕರಿಗೆ ಹಂಚಿದರೆ ಕಲಾವಿದರು ಎಲ್ಲಿ ಕೂತಿದ್ದಾರೆ ಎಂಬುದೇ ಕಲಸಿಹೋಗುತ್ತದೆ. ಸಿನಿಮಾ ಜಾಸ್ತಿ ನೋಡುವ ಮನೆಯಾದರೆ 5.1 ಹಾಕಿಸಿ. ಹಿಂದಿನ ಎರಡು ಸ್ಪೀಕರ್ ನೀವು ಕೂರುವ ಜಾಗದ ಎಡಬಲಕ್ಕೆ, ಸ್ವಲ್ಪ ಹಿಂದಕ್ಕೆ ಇರಬೇಕು. ಟಿ.ವಿ. ಸ್ಟ್ಯಾಂಡಿನ ಮೇಲೇ ಸಾಲಾಗಿ ಇಡುವುದಾದರೆ ಸುಮ್ನೆ ದುಡ್ಡು ದಂಡ. ಬರೀ ಸಂಗೀತಕ್ಕಾದರೆ ಅದೇ ಹಣದಲ್ಲಿ ಎರಡೇ ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಿ. ಹಾಲ್‌ನ ಮಾರ್ದನಿ ತಗ್ಗಲು ಟೈಲ್ಸ್ ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ.