ಅಜ್ಜ ಇದ್ದದ್ದು ಮೈಸೂರಿನಲ್ಲೋ, ಸಮುದ್ರದಲ್ಲೋ?

ಪ್ರಶ್ನೆ: ಅಜ್ಜ ತೀರಿಹೋಗಿ ಹನ್ನೆರಡು ವರ್ಷವಾಯಿತು. ಮೊನ್ನೆ ಅಜ್ಜಿಯ ಟ್ರಂಕಿನಲ್ಲಿ ಅವರ ಹಳೇ ಕಾಗದಗಳು ಸಿಕ್ಕವು. 1961ರ ಕೊನೆಯ ಒಂದು ಇನ್‌ಲ್ಯಾಂಡಿನಲ್ಲಿ ‘ಮೈಸೂರು ಬಿಟ್ಟು ಬರಲು ಈಗ ರಜೆ ಇಲ್ಲ’ ಎಂದಿದೆ. ಅಮ್ಮ ಮಾತ್ರ ಅಜ್ಜ ನೇವಿಯಲ್ಲಿದ್ದರು ಅನ್ನುತ್ತಾಳೆ. ಮೈಸೂರಿಗೆ ಸಮುದ್ರ ಎಲ್ಲಿಂದ ಬಂತು? ಅವರ ಸರ್ವೀಸಿನ ವಿವರ ಎಲ್ಲಿ ಸಿಗುತ್ತದೆ?
– ಅಂಕೋಲಾದ ಓದುಗರು

ಉತ್ತರ: ಅಮ್ಮನೂ ಸರಿ, ಕಾಗದವೂ ಸರಿ. ಮೈಸೂರು ಅಂದರೆ ಊರಲ್ಲ, ಹಡಗು. ಐ.ಎನ್.ಎಸ್. ಮೈಸೂರು. ಬ್ರಿಟಿಷರ ‘ನೈಜೀರಿಯಾ’ ಎಂಬ ಯುದ್ಧನೌಕೆಯನ್ನು ನಮ್ಮವರು ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಈ ಹೆಸರಿನಲ್ಲಿ ಸೇವೆಗೆ ಇಳಿಸಿದರು. ಹಡಗಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇತ್ತು.

ಆ ಇನ್‌ಲ್ಯಾಂಡಿನ ತಾರೀಖನ್ನು ಇನ್ನೊಮ್ಮೆ ನೋಡಿ. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಹೊತ್ತಿನಲ್ಲಿ, ಪೋರ್ಚುಗೀಸರ ಕೈಲಿದ್ದ ಅಂಜದೀವ್ ದ್ವೀಪಕ್ಕೆ ನಮ್ಮ ನಾವಿಕರು ಇಳಿದರು. ಅಂಜದೀವ್ ಗೊತ್ತಲ್ವಾ? ಕಾರವಾರದ ಬಿಣಗಾ ಎದುರಿಗೇ ಇದೆ. ಅಲ್ಲಿಗೆ ಹೋದ ಹಡಗುಗಳು ಎರಡು: ತ್ರಿಶೂಲ್ ಮತ್ತು ಮೈಸೂರು. ಏಳು ನಾವಿಕರು ಅವತ್ತು ಸತ್ತರು. ನಿಮ್ಮ ಅಜ್ಜ ಆ ದಿನ ಹಡಗಿನಲ್ಲೇ ಇದ್ದರೆ, ಅಂಕೋಲೆಯ ಪಕ್ಕದ ಕಡಲಲ್ಲಿ ನಿಂತೇ ‘ಬರಲು ರಜೆ ಇಲ್ಲ’ ಎಂದು ಬರೆದಿರಬಹುದು.

ನನ್ನ ಅಜ್ಜನೂ ನೇವಿಯವರು. ಸ್ಟೋಕರ್ ಆಗಿದ್ದರು, ಬಾಯ್ಲರ್ ರೂಮಿನ ಕೆಲಸ. ಆ ಗದ್ದಲಕ್ಕೆ ಕಿವಿ ಮಂದವಾಗಿತ್ತು. ಕುಮಟೆಯ ಮನೆಯಲ್ಲಿ ಅವರು ಚಾ ಕೇಳಿದರೆ ಕೇರಿಗೆಲ್ಲ ಕೇಳುತ್ತಿತ್ತು. ಯುದ್ಧದ ವಿಷಯ ಬಾಯಿ ಬಿಡುತ್ತಿರಲಿಲ್ಲ. ಹಡಗಿನಲ್ಲಿ ಕುಚ್ಚಲಕ್ಕಿ ಗಂಜಿ ಸಿಗದ ಸಂಕಟವನ್ನು ಮಾತ್ರ ನೂರು ಸಲ ಹೇಳಿದ್ದಾರೆ. ಅಟ್ಟದಿಂದ ಇಳಿಯುವಾಗ ಏಣಿಯ ಎರಡೂ ಪಕ್ಕ ಹಿಡಿದು, ಕಾಲು ಎತ್ತಿ, ಸರ್ರನೆ ಜಾರಿ ಬರುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ! ‘ಇದು ಮನೆ, ನಿಮ್ಮ ಹಡಗಲ್ಲ’ ಎಂದು ಅಜ್ಜಿ ಬೈಯುತ್ತಿದ್ದರು. ಸುಮ್ನೆ ಹುಡುಗಾಟ ಅಂದುಕೊಂಡಿದ್ದೆ. ಕಾರವಾರದ ಬೀಚಿನಲ್ಲಿರುವ ‘ಚಪಲ್’ ಹಡಗಿನ ಮ್ಯೂಸಿಯಂಗೆ ಹೋಗಿ ಅಲ್ಲಿನ ಕಡಿದಾದ ಏಣಿ ನೋಡಿದಾಗಲೇ ಅಜ್ಜಿಯ ಮಾತು ಅರ್ಥವಾದದ್ದು.

ಇನ್ನು ವಿವರ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಅವರ ಸರ್ವೀಸ್ ನಂಬರ್. ಇನ್‌ಲ್ಯಾಂಡಿನ ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಓದಿ. ‘ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಬಾಂಬೆ’ ಎಂದಿದ್ದರೆ ಹಡಗಿನ ಕಾಗದವೇ. ಅಜ್ಜನ ಹೆಸರಿನ ಪಕ್ಕದಲ್ಲೇ ನಂಬರ್ ಇರಬಹುದು. ಇಲ್ಲದಿದ್ದರೆ ಪೆನ್ಶನ್ ಪುಸ್ತಕ ಹುಡುಕಿ. ಪದಕ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ, ಅಲ್ಲಿ ನಂಬರ್, ಹೆಸರು ಕೆತ್ತಿರುತ್ತಾರೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಮನೆಯಲ್ಲಿ ಉಜ್ಜಿ ಉಜ್ಜಿ ಅರ್ಧ ಹೆಸರೇ ಹೋಗಿದೆ.

ನಂಬರ್ ಸಿಕ್ಕಿದ ಮೇಲೆ ಕಾರವಾರದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ನಾವಿಕರ ದಾಖಲೆ ನೋಡಿಕೊಳ್ಳುವುದು ಮುಂಬೈ ಮಾನ್‌ಖುರ್ದ್‌ನ ‘ಬ್ಯೂರೋ ಆಫ್ ಸೇಲರ್ಸ್’. ಅಜ್ಜಿ ಅಥವಾ ಅಮ್ಮನ ಸಹಿಯಿಂದಲೇ ಅರ್ಜಿ ಹೋಗಲಿ, ಸಂಬಂಧದ ಪ್ರಶ್ನೆ ಕಡಿಮೆಯಾಗುತ್ತದೆ.

ಅಜ್ಜಿ ಇನ್ನೂ ಇದ್ದರೆ ಈ ಓಡಾಟಕ್ಕೆ ಮುಂಚೆ ಅವರ ಪಕ್ಕ ಕೂತು ಕಾಗದಗಳನ್ನು ಜೋರಾಗಿ ಓದಿ. ಆ ಇನ್‌ಲ್ಯಾಂಡಿನ ಮೇಲೆ ಯಾವ ತಾರೀಖಿತ್ತು ಎಂದು ನನಗೂ ಒಂದು ಸಾಲು ಬರೆಯಿರಿ.